ಕಟೌಟ್ ಹಿಂದಿರೋ ಮನುಷ್ಯನನ್ನು ಕಂಡಿದ್ದೀರಾ?

ಒಂದು ಸಣ್ಣ ಪರೀಕ್ಷೆ ಇಡೋಣವೇ? ಕಾಪಿ ಹೊಡೆಯೋ ಹಾಗಿಲ್ಲ!

ಅಣ್ಣಾವ್ರು ನಾಯಕನಾದ ಮೊದಲ ಚಿತ್ರ ಯಾವುದು? ‘ಬೇಡರ ಕಣ್ಣಪ್ಪ’. ವರ್ಷ? 1954. ನಿರ್ದೇಶಕರು? ಎಚ್.ಎಲ್.ಎನ್. ಸಿಂಹ. ನಾಯಕಿ? ಪಂಡರಿಬಾಯಿ. ಶಭಾಷ್! ಗಾಂಧಿ ಕ್ಲಾಸಿನ ಹುಡುಗರು ಇದನ್ನೆಲ್ಲ ನಿದ್ದೆಗಣ್ಣಲ್ಲೂ ಹೇಳ್ತಾರೆ.

ಈಗ ಎರಡನೇ ಪ್ರಶ್ನೆ. 1929ರ ಏಪ್ರಿಲ್ 24ರಂದು ಹುಟ್ಟಿದ ಗಾಜನೂರಿನ ಮುತ್ತುರಾಜ 1954ರ ತನಕ, ಅಂದ್ರೆ ಬರೋಬ್ಬರಿ ಇಪ್ಪತ್ತೈದು ವರ್ಷ, ಎಲ್ಲಿದ್ದ? ಹೊಟ್ಟೆಗೆ ಏನು ಮಾಡ್ತಿದ್ದ? ಯಾರ ಹತ್ತಿರ ಪಾಠ ಕಲಿತ? ಯಾರು ಕೈ ಹಿಡಿದು ಎತ್ತಿದರು?

ಯಾಕೆ, ಎಲ್ಲರೂ ಗಪ್‌ಚಿಪ್?

ತಪ್ಪೇನೂ ಇಲ್ಲ ಬಿಡಿ. ಈ ಪ್ರಶ್ನೆಗೆ ಉತ್ತರ ಬೆಳ್ಳಿತೆರೆ ಮೇಲೆ ಸಿಗೋದಿಲ್ಲ. ಸಿಗೋದು ಪುಸ್ತಕದಲ್ಲಿ. ದೊಡ್ಡವರ, ದೊಡ್ಡ ಮನೆತನದವರ ಜೀವನಚರಿತ್ರೆಗಳಲ್ಲಿ. ‘ಅಯ್ಯೋ, ಚರಿತ್ರೆನಾ? ಅದು ಮೇಷ್ಟ್ರಿಗೆ!’ ಅಂತ ಪುಟ ಮಗುಚಬೇಡಿ. ಅಲ್ಲಿರೋ ಸಸ್ಪೆನ್ಸು, ಸೆಂಟಿಮೆಂಟು ಯಾವ ಸಿಲ್ವರ್ ಜ್ಯೂಬಿಲಿ ಚಿತ್ರಕ್ಕೂ ಕಮ್ಮಿ ಇಲ್ಲ.

ಒಂದು ಹಾಡು, ಇಪ್ಪತ್ತೈದು ವರ್ಷ

ಸಿನಿಮಾದಲ್ಲಿ ಬಡತನ ಅಂದ್ರೆ ಎರಡು ರೀಲು. ಚಡ್ಡಿ ಹುಡುಗ ಓಡೋಕೆ ಶುರು ಮಾಡ್ತಾನೆ. ಹಾಡು ಮುಗಿಯೋ ಹೊತ್ತಿಗೆ ಮೀಸೆ ಬಂದ ಹೀರೋ ಆಗಿರ್ತಾನೆ. ಶಿಳ್ಳೆಯೋ ಶಿಳ್ಳೆ! ನಿಜಜೀವನದಲ್ಲಿ ಆ ಹಾಡು ಇಪ್ಪತ್ತೈದು ವರ್ಷ ನಡೆಯುತ್ತೆ.

ಮುತ್ತುರಾಜನ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯ ನಾಟಕದ ನಟರು. ಮಗ ಪ್ರೈಮರಿ ಶಾಲೆಯನ್ನೂ ಪೂರ್ತಿ ಮುಗಿಸಲಿಲ್ಲ. ಅಪ್ಪನ ಜೊತೆ ಗುಬ್ಬಿ ಕಂಪನಿ ಸೇರಿದ. ಎಂ.ವಿ. ಸುಬ್ಬಯ್ಯ ನಾಯ್ಡು ಅವರ ಕಂಪನಿಯಲ್ಲೂ ದುಡಿದ. ಕೊನೇ ಸಾಲಿನಲ್ಲಿ ಕೂತವನಿಗೂ ಕೇಳುವಂತೆ ಮಾತಾಡಬೇಕು, ಹಾಡಬೇಕು. ಅದೇ ಅವನ ಇಸ್ಕೂಲು, ಅದೇ ಕಾಲೇಜು. ಆ ಕನ್ನಡದ ಸ್ಪಷ್ಟತೆ, ಆ ಕಂಠ ಎಲ್ಲಿಂದ ಬಂತು ಅಂತ ತಲೆ ಕೆಡಿಸಿಕೊಂಡವರಿಗೆ ಉತ್ತರ ಇಲ್ಲಿದೆ. 1976ರಲ್ಲಿ ಮೈಸೂರು ವಿಶ್ವವಿದ್ಯಾಲಯ ಇದೇ ಮುತ್ತುರಾಜನನ್ನು ಕರೆದು ಡಾಕ್ಟರೇಟ್ ಕೊಟ್ಟಿತು!

ಮೊದಲ ಚಿತ್ರ ಗೆದ್ದ ಕೂಡಲೇ ಬಂಗಲೆ, ಕಾರು ಬಂದವೇ? ಅದೂ ಇಲ್ಲ. ಕೈಯಲ್ಲಿ ಚಿತ್ರಗಳಿಲ್ಲದ ದಿನಗಳಲ್ಲಿ ರಾಜ್‌ಕುಮಾರ್, ಜಿ.ವಿ. ಅಯ್ಯರ್, ಬಾಲಕೃಷ್ಣ, ನರಸಿಂಹರಾಜು ಸೇರಿ ಕಲಾವಿದರ ಸಂಘ ಕಟ್ಟಿ ಊರೂರು ಸುತ್ತಿ ನಾಟಕ ಆಡಿದರು. ಆಮೇಲೆ ತಾವೇ ಚಿತ್ರ ತೆಗೆದರು. ಅದೇ 1960ರ ‘ರಣಧೀರ ಕಂಠೀರವ’. ಪೋಸ್ಟರಿನ ರಣಧೀರ ಎಲ್ಲರಿಗೂ ಗೊತ್ತು. ಅವನ ಹಿಂದಿನ ಖಾಲಿ ಜೇಬು ಎಷ್ಟು ಜನಕ್ಕೆ ಗೊತ್ತು?

ಇಂಥದ್ದನ್ನೆಲ್ಲ ಒಂದೊಂದಾಗಿ ಕೂಡಿಸಿ ದೊಡ್ಡಹುಲ್ಲೂರು ರುಕ್ಕೋಜಿ ಅವರು ‘ಡಾ. ರಾಜಕುಮಾರ್ ಸಮಗ್ರ ಚರಿತ್ರೆ’ ಅಂತ ಎರಡು ಸಂಪುಟ ಬರೆದರು. ಸಿನಿಮಾ ಕುರಿತ ಉತ್ತಮ ಪುಸ್ತಕವೆಂದು ಅದಕ್ಕೆ ರಾಷ್ಟ್ರಪ್ರಶಸ್ತಿಯೂ ಬಂತು.

ಒಂದೇ ಕಂಪನಿ, ಹಲವು ಕಿಟಕಿ

ಒಂದು ಪುಸ್ತಕ ಓದಿದರೆ ಒಂದು ಸಿನಿಮಾ ನೋಡಿದಂತೆ. ನಾಲ್ಕು ಓದಿದರೆ? ಅದು ಮಲ್ಟಿಸ್ಟಾರರ್ ಸ್ವಾಮಿ!

ಗುಬ್ಬಿ ಕಂಪನಿಯನ್ನೇ ತೆಗೆದುಕೊಳ್ಳಿ. ಶುರುವಾದದ್ದು 1884ರಲ್ಲಿ. ಎಳೆಯ ಹುಡುಗನಾಗಿ ಒಳಗೆ ಬಂದ ವೀರಣ್ಣ ಮುಂದೆ ಅದರ ಒಡೆಯರಾದರು. ‘ಸದಾರಮೆ’ಯ ಕಳ್ಳನಾಗಿ ಜನರನ್ನು ನಗಿಸಿದರು. ‘ಕುರುಕ್ಷೇತ್ರ’ಕ್ಕೆ ನಿಜವಾದ ಆನೆ, ಕುದುರೆಗಳನ್ನೇ ರಂಗದ ಮೇಲೆ ತಂದು ಬೆರಗು ಹುಟ್ಟಿಸಿದರು. ಅವರ ಆತ್ಮಕಥೆ ‘ಕಲೆಯೇ ಕಾಯಕ’. ಅಲ್ಲಿ ಕಂಪನಿಯನ್ನು ಯಜಮಾನನ ಕಣ್ಣಿಂದ ನೋಡ್ತೀರಿ.

ಈಗ ಬಿ.ವಿ. ಕಾರಂತರ ‘ಇಲ್ಲಿರಲಾರೆ ಅಲ್ಲಿಗೆ ಹೋಗಲಾರೆ’ ತೆಗೆಯಿರಿ. ಅವರು ಹೇಳುತ್ತಾ ಹೋದದ್ದನ್ನು ವೈದೇಹಿ ಬರಹಕ್ಕಿಳಿಸಿದ್ದು. ‘ಚೋಮನ ದುಡಿ’ ಮಾಡಿ ಸ್ವರ್ಣಕಮಲ ತಂದ ಅದೇ ಕಾರಂತರು! ಮನೆ ಬಿಟ್ಟು ಓಡಿಬಂದು ಗುಬ್ಬಿ ಕಂಪನಿ ಸೇರಿದ ಹುಡುಗ ಅವರು. ಆ ಹುಡುಗನ ಬುದ್ಧಿ ಕಂಡು ಕಾಶಿಗೆ ಓದಲು ಕಳಿಸಿದ್ದು ಯಾರು? ಇದೇ ವೀರಣ್ಣ. ಮೊದಲ ಪುಸ್ತಕದ ಹೀರೋ ಇಲ್ಲಿ ಪೋಷಕ ಪಾತ್ರದಲ್ಲಿ ಬಂದು ಕಣ್ಣಲ್ಲಿ ನೀರು ತರಿಸಿ ಹೋಗ್ತಾರೆ.

ಮೂರನೆಯದು, ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀ ಅವರ ‘ಕಣ್ಣಾ ಮುಚ್ಚೆ ಕಾಡೇಗೂಡೇ’. ಇಲ್ಲಿ ಆ ದೊಡ್ಡ ಯಜಮಾನ ಬರೀ ತಾತ! ಕಂಪನಿಯನ್ನೇ ಮನೆ ಅಂದುಕೊಂಡು ಬೆಳೆದ ಹೆಣ್ಣುಮಗುವಿನ ಕಣ್ಣಿಗೆ ಅದೇ ರಂಗ, ಅದೇ ಪರದೆ ಬೇರೆಯೇ ಆಗಿ ಕಾಣುತ್ತೆ.

ಮೂರು ಪುಸ್ತಕ, ಒಂದೇ ಕಂಪನಿ. ಯಾರು ಹೇಳ್ತಾರೆ ಅನ್ನೋದರ ಮೇಲೆ ಕಥೆಯೇ ಬದಲಾಗುತ್ತೆ. ಈ ರುಚಿ ಒಮ್ಮೆ ಹತ್ತಿದರೆ ಬಿಡೋದು ಕಷ್ಟ.

ಬಾರದ ಡಾಕ್ಟರಿಗೆ ಅರ್ಪಣೆ!

ಸಸ್ಪೆನ್ಸ್ ಬೇಕೇ? ಗಿರೀಶ್ ಕಾರ್ನಾಡರ ‘ಆಡಾಡತ ಆಯುಷ್ಯ’ ಓದಿ. 2011ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆ ಪ್ರಕಟಿಸಿದ್ದು. ಅವರು ಹೊಟ್ಟೆಯಲ್ಲಿದ್ದಾಗ ತಾಯಿಗೆ ಈ ಮಗು ಬೇಡ ಅನಿಸಿತ್ತು. ಆಸ್ಪತ್ರೆಗೂ ಹೋಗಿದ್ದರು. ಡಾಕ್ಟರ್ ಬರಲಿಲ್ಲ. ಕಾದು ಕಾದು ವಾಪಸ್ ಬಂದರು. ಅವತ್ತು ಡಾಕ್ಟರು ಬಂದಿದ್ದರೆ ‘ತುಘಲಕ್’ ಇಲ್ಲ, ‘ನಾಗಮಂಡಲ’ ಇಲ್ಲ. ‘ಸಂಸ್ಕಾರ’ದ ಪ್ರಾಣೇಶಾಚಾರ್ಯನಾಗಿ ಈ ಮುಖವೂ ಇಲ್ಲ! ಆ ಬಾರದ ಡಾಕ್ಟರಿಗೇ ಕಾರ್ನಾಡರು ಪುಸ್ತಕ ಅರ್ಪಿಸಿದ್ದಾರೆ. ಯಾವ ಚಿತ್ರಕಥೆಗಾರನಿಗೆ ಹೊಳೆದೀತು ಇಂಥ ಓಪನಿಂಗ್ ಸೀನು?

ಒಬ್ಬನೇ ಬೆಳೆದವನು ಯಾರೂ ಇಲ್ಲ

1934ರಲ್ಲಿ ಕನ್ನಡದ ಮೊದಲ ಟಾಕಿ ‘ಸತಿ ಸುಲೋಚನ’ ಬಂತು. ಅದರ ನಾಯಕ ಸುಬ್ಬಯ್ಯ ನಾಯ್ಡು. ಅವರ ಮಗ ಲೋಕೇಶ್, ಮೊಮ್ಮಗ ಸೃಜನ್. ಅದೇ ಚಿತ್ರದ ರಾವಣ ಆರ್. ನಾಗೇಂದ್ರರಾವ್. ಅವರ ಮಕ್ಕಳಲ್ಲಿ ಆರ್.ಎನ್. ಜಯಗೋಪಾಲ್ ಹಾಡು ಬರೆದರು, ಆರ್.ಎನ್.ಕೆ. ಪ್ರಸಾದ್ ಕ್ಯಾಮೆರಾ ಹಿಡಿದರು, ಸುದರ್ಶನ್ ನಟರಾದರು. ಒಂದು ಮನೆಯ ಕಥೆ ಓದಿದರೆ ಕನ್ನಡ ಚಿತ್ರರಂಗದ ಅರ್ಧ ಇತಿಹಾಸವೇ ಕೈಗೆ ಸಿಗುತ್ತೆ.

ಮನೆ ಅಂದ ಮೇಲೆ ಮನೆಯ ಹೆಂಗಸರನ್ನು ಮರೆಯೋದುಂಟೇ? 1975ರ ‘ತ್ರಿಮೂರ್ತಿ’ಯಿಂದ ನಿರ್ಮಾಣಕ್ಕಿಳಿದ ಪಾರ್ವತಮ್ಮನವರು ಲೆಕ್ಕಪತ್ರ, ಕಥೆ, ಹಂಚಿಕೆ ಎಲ್ಲ ನೋಡಿಕೊಂಡರು. ಸುಧಾರಾಣಿ, ಮಾಲಾಶ್ರೀ, ರಕ್ಷಿತಾ, ರಮ್ಯಾ ಅವರನ್ನು ನಾಯಕಿಯರಾಗಿ ಕನ್ನಡ ತೆರೆಗೆ ಪರಿಚಯಿಸಿದ್ದೂ ಅವರೇ. ಕಟೌಟ್ ಒಬ್ಬರದೇ ಇರಬಹುದು. ಅದನ್ನು ಬೀಳದ ಹಾಗೆ ಹಿಡಿದ ಕೈಗಳು ಹತ್ತಾರು.

ಅದಕ್ಕೇ ಜೀವನಚರಿತ್ರೆ ಕೊಳ್ಳೋ ಮುಂಚೆ ಎರಡು ಪುಟ ತಿರುವಿ ನೋಡಿ. ಸೋಲಿನ ಮಾತು ಇದೆಯೇ? ಇಸವಿ, ಊರು, ಹೆಸರು ಸರಿಯಾಗಿ ಕೊಟ್ಟಿದ್ದಾರೆಯೇ? ಹೆಂಡತಿ, ಅಕ್ಕತಂಗಿ, ಮೇಕಪ್‌ನವನು, ಅಡುಗೆಯವನು ಯಾರಾದರೂ ಬರ್ತಾರೆಯೇ? ಬರೀ ಹಾರ, ತುರಾಯಿ, ಜೈಕಾರ ಇದ್ದರೆ ಅದು ಜೀವನಚರಿತ್ರೆಯಲ್ಲ, ಪಾಂಪ್ಲೆಟ್! ದುಡ್ಡಿಲ್ಲವೇ? ಊರಿನ ಸಾರ್ವಜನಿಕ ಗ್ರಂಥಾಲಯದಲ್ಲಿ ಕೇಳಿ ನೋಡಿ.

ಕಲ್ಲು ಹಿಡಿದ ಕೈ, ಕಣ್ಣು ಕೊಟ್ಟ ಮನ

ಇದರಿಂದ ಅಭಿಮಾನಿಗೆ ಏನು ಲಾಭ ಅಂತೀರಾ? ಕೇಳಿ.

2006ರ ಏಪ್ರಿಲ್ 12. ಅಣ್ಣಾವ್ರು ಹೋದರು. ಆ ದುಃಖದಲ್ಲಿ ಬೆಂಗಳೂರಿನಲ್ಲಿ ಕಲ್ಲು ತೂರಾಟ, ಬೆಂಕಿ, ಗೋಲಿಬಾರ್. ಜೀವಗಳು ಹೋದವು, ಕರ್ತವ್ಯದಲ್ಲಿದ್ದ ಪೊಲೀಸರೊಬ್ಬರದೂ. ಅಭಿಮಾನಿಗಳನ್ನು ‘ದೇವರು’ ಅಂತ ಕರೆದ ಮನುಷ್ಯನ ಅಂತಿಮಯಾತ್ರೆ ಹಾಗಾಯಿತು. ಆದರೆ ಆ ಮನುಷ್ಯ ತನ್ನ ಎರಡು ಕಣ್ಣುಗಳನ್ನು ಮೊದಲೇ ದಾನಕ್ಕೆ ಬರೆದುಕೊಟ್ಟಿದ್ದರು.

ತಂದೆಯ ಬದುಕನ್ನು ಪುಸ್ತಕ ಮಾಡಿದವರು ಪುನೀತ್. ಪ್ರಕೃತಿ ಬನವಾಸಿ ಅವರ ಜೊತೆ ಸೇರಿ 2012ರಲ್ಲಿ ಹೊರತಂದರು. 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿಗೇ, ಅಪ್ಪುವೂ ಹೋದರು. ಅವರ ಕಣ್ಣುಗಳೂ ದಾನವಾದವು. ಈ ಸಲ ಲಕ್ಷಾಂತರ ಜನ ಸಾಲಿನಲ್ಲಿ ನಿಂತು ಮೌನವಾಗಿ ನೋಡಿ ಹೋದರು. ಮುಂದಿನ ದಿನಗಳಲ್ಲಿ ಸಾವಿರಾರು ಜನ ನೇತ್ರದಾನಕ್ಕೆ ಹೆಸರು ಬರೆಸಿದರು.

ಅದೇ ಮನೆತನ, ಅದೇ ಅಭಿಮಾನ. ಆದರೂ ಎಂಥ ವ್ಯತ್ಯಾಸ! ಪರದೆಯ ಮೇಲಿನ ಹೊಡೆದಾಟ ನೋಡಿದವನು ಹೊಡೆದಾಟ ಕಲಿತಾನು. ಬದುಕನ್ನು ತಿಳಿದವನು ಬದುಕಿದ ರೀತಿ ಕಲಿತಾನು.

ಹೀರೋನ ಹಾಗೆ ಕ್ರಾಪು ಬಿಡೋದು ಸುಲಭ ಗೆಳೆಯರೇ, ಹತ್ತು ನಿಮಿಷದ ಕೆಲಸ. ಅವನ ಇಪ್ಪತ್ತೈದು ವರ್ಷವನ್ನು ಓದೋಕೆ ಎರಡು ದಿನ ಸಾಕು. ಯಾವುದು ಹೆಚ್ಚು ಕಾಲ ಉಳಿಯುತ್ತೆ, ನೀವೇ ಹೇಳಿ!