ಸಮವಸ್ತ್ರ ಕಳಚಿದ ಮೇಲಿನ ಸೇವೆ: ಪುಣೆಯ ಮಾಜಿ ಸೈನಿಕರ ಮುಂದಿರುವ ದಾರಿಗಳು

ಭಾರತೀಯ ಭೂಸೇನೆಯ ಸಿಪಾಯಿ ಸಾಮಾನ್ಯವಾಗಿ ನಲವತ್ತರ ಆಸುಪಾಸಿನಲ್ಲೇ ಪಿಂಚಣಿಗೆ ಬರುತ್ತಾನೆ. ಮಕ್ಕಳ ಓದು ಇನ್ನೂ ಮುಗಿದಿರುವುದಿಲ್ಲ, ಮೈಯಲ್ಲಿ ಕಸುವು ಉಳಿದಿರುತ್ತದೆ, ಪಿಂಚಣಿಯೊಂದರಿಂದಲೇ ಸಂಸಾರ ತೂಗಿಸುವುದು ಕಷ್ಟವಾಗಿರುತ್ತದೆ. ದಕ್ಷಿಣ ಕಮಾಂಡಿನ ಕೇಂದ್ರ ಕಚೇರಿಯೂ ಪುಣೆ, ಖಡಕಿ, ದೇಹು ರೋಡ್ ಎಂಬ ಮೂರು ದಂಡು ಪ್ರದೇಶಗಳೂ ಇರುವ ಪುಣೆಯಲ್ಲಿ, ಮರಾಠಿಗರ ಜೊತೆಗೆ ಬೆಳಗಾವಿ, ವಿಜಯಪುರ ಕಡೆಯಿಂದ ಬಂದು ನೆಲೆಸಿದ ಕನ್ನಡಿಗ ಮಾಜಿ ಸೈನಿಕರಿಗೂ ಎದುರಾಗುವ ಪ್ರಶ್ನೆಯೆಂದರೆ, ಸೇನೆಯ ನಂಟನ್ನು ಪೂರ್ತಿ ಕಡಿದುಕೊಳ್ಳದೆ ಮುಂದಿನ ಬದುಕನ್ನು ಕಟ್ಟಿಕೊಳ್ಳುವುದು ಹೇಗೆ ಎಂಬುದು.

ಅರೆಕಾಲಿಕ ಸೇವೆ ಎಂದೊಡನೆ ಮೊದಲು ನೆನಪಾಗುವುದು ಪ್ರಾದೇಶಿಕ ಸೇನೆ, ಅಂದರೆ ಟೆರಿಟೋರಿಯಲ್ ಆರ್ಮಿ. 1948ರ ಕಾಯ್ದೆಯ ಅಡಿಯಲ್ಲಿ ರೂಪುಗೊಂಡ ಈ ಪಡೆಯನ್ನು ಅಂದಿನ ಗವರ್ನರ್ ಜನರಲ್ ಸಿ. ರಾಜಗೋಪಾಲಾಚಾರಿ ಅವರು 1949ರ ಅಕ್ಟೋಬರ್ 9ರಂದು ಉದ್ಘಾಟಿಸಿದರು. ಉದ್ಯೋಗವೋ ವ್ಯವಹಾರವೋ ಇರುವ ನಾಗರಿಕರು ವರ್ಷದಲ್ಲಿ ಕೆಲಕಾಲ ತರಬೇತಿ ಪಡೆದು, ದೇಶಕ್ಕೆ ಅಗತ್ಯ ಬಿದ್ದಾಗ ಸಮವಸ್ತ್ರ ತೊಡಬೇಕೆಂಬುದು ಇದರ ಮೂಲ ಕಲ್ಪನೆಯಾಗಿದ್ದು, ಮಾಜಿ ಸೈನಿಕರಿಗೂ ಇದರಲ್ಲಿ ಪ್ರವೇಶವಿದೆ. ಪುಣೆಯಲ್ಲಿ ಮರಾಠಾ ಲಘು ಪದಾತಿದಳಕ್ಕೆ ಸೇರಿದ 101ನೇ ಬೆಟಾಲಿಯನ್, ಕೊಲ್ಹಾಪುರದಲ್ಲಿ ಅದೇ ರೆಜಿಮೆಂಟಿನ 109ನೇ ಬೆಟಾಲಿಯನ್, ಬೆಳಗಾವಿಯಲ್ಲಿ ಮಹಾರ್ ರೆಜಿಮೆಂಟಿನ 115ನೇ ಬೆಟಾಲಿಯನ್ ಇದ್ದು, ದಕ್ಷಿಣ ಭಾಗದ ಪ್ರಾದೇಶಿಕ ಸೇನೆಯ ಗ್ರೂಪ್ ಹೆಡ್‌ಕ್ವಾರ್ಟರ್ಸ್ ಸಹ ಪುಣೆಯಲ್ಲೇ ಇದೆ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಪ್ರಾದೇಶಿಕ ಸೇನೆ ಹೊಟ್ಟೆಪಾಡಿನ ನೌಕರಿಯಲ್ಲ. ಬೇರೊಂದು ನೌಕರಿ ಇರುವವರಿಗಾಗಿ ಇರುವ ಸೇವೆ. ತರಬೇತಿಯ ಅವಧಿಯಲ್ಲಿ ಮತ್ತು 'ಎಂಬಾಡಿಮೆಂಟ್' ಆದಾಗ, ಎಂದರೆ ಆದೇಶದ ಮೂಲಕ ಪೂರ್ಣಾವಧಿ ಕರ್ತವ್ಯಕ್ಕೆ ಕರೆಸಿಕೊಂಡಾಗ, ಸಂಬಳ ಭತ್ಯೆಗಳು ಕಾಯಂ ಸೈನಿಕರಿಗೆ ಸಮನಾಗಿರುತ್ತವೆಯಾದರೂ, ಉಳಿದ ತಿಂಗಳುಗಳಲ್ಲಿ ಅಂಥ ಆದಾಯ ಇರುವುದಿಲ್ಲ. ಪಿಂಚಣಿಗೂ ಹೀಗೆ ಕರೆಸಿಕೊಂಡ ಅವಧಿಯ ಸೇವೆಯೇ ಲೆಕ್ಕಕ್ಕೆ ಬರುವುದರಿಂದ, ಜವಾನರಿಗೆ ಅಂಥ 15 ವರ್ಷವೂ ಅಧಿಕಾರಿಗಳಿಗೆ 20 ವರ್ಷವೂ ತುಂಬಬೇಕಾಗುತ್ತದೆ. ಈ ವ್ಯತ್ಯಾಸ ತಿಳಿಯದೆ ಇದನ್ನೇ ಎರಡನೇ ಸರ್ಕಾರಿ ಕೆಲಸವೆಂದು ನಂಬಿ ಸಾಲಿನಲ್ಲಿ ನಿಲ್ಲುವವರ ನಿರಾಸೆ ತಪ್ಪಿಸಬಹುದಾದ ನಿರಾಸೆ. ಮಹೇಂದ್ರ ಸಿಂಗ್ ಧೋನಿ 2019ರಲ್ಲಿ ಬೆಂಗಳೂರು ಮೂಲದ 106ನೇ ಪ್ಯಾರಾ ಬೆಟಾಲಿಯನ್ ಜೊತೆ ಕಾಶ್ಮೀರದಲ್ಲಿ ಕರ್ತವ್ಯ ನಿರ್ವಹಿಸಿದ್ದು ಈ ಪಡೆಯ ಹೆಸರನ್ನು ಮನೆಮನೆಗೆ ತಲುಪಿಸಿತು ನಿಜ, ಆದರೆ ಅವರದು ಗೌರವ ಹುದ್ದೆ.

ಹಾಗಾದರೆ ಇದು ಯಾರಿಗೆ ಒಪ್ಪುತ್ತದೆ? ಅಲ್ಪಾವಧಿ ಸೇವೆ ಮುಗಿಸಿ ಹಿಂಜವಡಿಯ ಐಟಿ ಸಂಸ್ಥೆಯನ್ನೋ ಚಾಕಣದ ಕಾರ್ಖಾನೆಯನ್ನೋ ಸೇರಿರುವ ಮಾಜಿ ಅಧಿಕಾರಿಗೆ, ವರ್ಷಕ್ಕೆ ಸುಮಾರು ಎರಡು ತಿಂಗಳ ತರಬೇತಿಗೆ ರಜೆ ದೊರೆಯುವುದಾದರೆ, ಇದಕ್ಕಿಂತ ಒಳ್ಳೆಯ ದಾರಿಯಿಲ್ಲ. ಕರೆ ಬಂದು ಹೋದವನನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳುವ ಹೊಣೆಯನ್ನು ಕಾಯ್ದೆಯೇ ಮಾಲೀಕನ ಮೇಲೆ ಹೊರಿಸಿದೆ. ಕರೆ ಎಂಬುದು ಬರೀ ಕಾಗದದ ಮೇಲಿನ ಮಾತಲ್ಲ: 2025ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರವು ಪ್ರಾದೇಶಿಕ ಸೇನೆಯನ್ನು ಕರ್ತವ್ಯಕ್ಕೆ ಕರೆಯುವ ಅಧಿಕಾರವನ್ನು ಭೂಸೇನಾ ಮುಖ್ಯಸ್ಥರಿಗೆ ನೀಡಿ, 32 ಪದಾತಿ ಬೆಟಾಲಿಯನ್‌ಗಳಲ್ಲಿ 14ನ್ನು ವಿವಿಧ ಕಮಾಂಡುಗಳಲ್ಲಿ ನಿಯೋಜಿಸಲು ಆದೇಶಿಸಿತು, ಅವುಗಳಲ್ಲಿ ದಕ್ಷಿಣ ಕಮಾಂಡೂ ಒಂದು.

ಪ್ರಾದೇಶಿಕ ಸೇನೆಯೊಳಗೇ ಇರುವ ಪರಿಸರ ಬೆಟಾಲಿಯನ್‌ಗಳ ಸ್ವರೂಪ ಬೇರೆ. ಸುಣ್ಣಕಲ್ಲಿನ ಗಣಿಗಾರಿಕೆಯಿಂದ ಬೋಳಾಗಿದ್ದ ಮಸ್ಸೂರಿ ಬೆಟ್ಟಗಳನ್ನು ಹಸಿರಾಗಿಸಲು 1982ರಲ್ಲಿ ಮೊದಲನೆಯದು ಹುಟ್ಟಿತು. ಮುಖ್ಯವಾಗಿ ಮಾಜಿ ಸೈನಿಕರಿಂದಲೇ ಕೂಡಿದ ಇಂಥ ಪಡೆ ಮಹಾರಾಷ್ಟ್ರದಲ್ಲೂ ಇದ್ದು, 136ನೇ ಬೆಟಾಲಿಯನ್ ಮರಾಠವಾಡದ ಒಣನೆಲದಲ್ಲಿ ಗಿಡ ನೆಟ್ಟು ಬೆಳೆಸುತ್ತಿದೆ. ಹಳ್ಳಿಯ ಮಣ್ಣು ಬಲ್ಲ ಜವಾನನಿಗೆ ಇದು ಗೌರವದ ದುಡಿಮೆ. ಸೀಟುಗಳು ಮಾತ್ರ ಕಡಿಮೆ.

ಕಾಯಂ ವರಮಾನವೇ ಮುಖ್ಯವಾದವರಿಗೆ ಇರುವುದು ಡಿಫೆನ್ಸ್ ಸೆಕ್ಯುರಿಟಿ ಕೋರ್, ರೂಢಿಯಲ್ಲಿ ಡಿಎಸ್‌ಸಿ. 1947ರ ಫೆಬ್ರುವರಿ 25ರಂದು ಸ್ಥಾಪನೆಯಾದ, ಕೇರಳದ ಕಣ್ಣೂರಿನಲ್ಲಿ ಕೇಂದ್ರವಿರುವ ಈ ದಳ ಮಾಜಿ ಸೈನಿಕರನ್ನು ಮರುನೇಮಕ ಮಾಡಿಕೊಂಡು, ವಾಯುನೆಲೆ, ಮದ್ದುಗುಂಡಿನ ಡಿಪೊ, ರಕ್ಷಣಾ ಪ್ರಯೋಗಾಲಯಗಳಂಥ ಸ್ಥಳಗಳ ಕಾವಲಿಗೆ ನಿಲ್ಲಿಸುತ್ತದೆ. ಇದು ಅರೆಕಾಲಿಕವಲ್ಲ, ಪೂರ್ಣಾವಧಿ ಸೇವೆ. ಬಂದೂಕು ಹೊತ್ತು ರಾತ್ರಿ ಪಾಳಿ ಮಾಡಬೇಕು, ದೂರದ ಊರಿಗೆ ವರ್ಗವೂ ಆಗಬಹುದು. ಹಳೆಯ ಪಿಂಚಣಿ ಉಳಿಸಿಕೊಂಡು ಸೇರಿದವನು 15 ವರ್ಷ ಸೇವೆ ಮುಗಿಸಿದರೆ ಎರಡನೇ ಪಿಂಚಣಿಗೆ ಅರ್ಹನಾಗುತ್ತಾನೆ. ಇಲ್ಲೇ ತೊಡಕು ಇರುವುದು. ನಿವೃತ್ತಿಯ ವಯಸ್ಸು 57 ಆಗಿರುವುದರಿಂದ 42ರೊಳಗೆ ಸೇರಿದವನಿಗೆ ಲೆಕ್ಕ ಕೂಡಿಬರುತ್ತದೆ, 43ಕ್ಕೆ ಸೇರಿದವನಿಗೆ ಒಂದು ವರ್ಷ ಕಡಿಮೆ ಬೀಳುತ್ತದೆ. ಆ ಕೊರತೆಯನ್ನು ಮನ್ನಿಸಬೇಕೆಂದು ಸಶಸ್ತ್ರ ಪಡೆಗಳ ನ್ಯಾಯಮಂಡಳಿಯ ಮೆಟ್ಟಿಲೇರಿದವರು ಹಲವರು. ಹದಿನಾಲ್ಕು ವರ್ಷ ಗೇಟಿನಲ್ಲಿ ನಿಂತವನಿಗೆ ಕೊನೆಯಲ್ಲಿ ಈ ಹೋರಾಟ ಉಳಿಯುವುದು ನ್ಯಾಯವಲ್ಲ.

ಅಗ್ನಿವೀರರ ವಿಷಯ ಬೇರೆ. 2022ರಲ್ಲಿ ಘೋಷಣೆಯಾದ ಅಗ್ನಿಪಥ ಯೋಜನೆಯಂತೆ ನಾಲ್ಕು ವರ್ಷಕ್ಕೆ ಹೊರಬರುವವರಿಗೆ ಮಾಜಿ ಸೈನಿಕರ ಸ್ಥಾನಮಾನ ಇಲ್ಲದಿರುವುದರಿಂದ, ಮಾಜಿ ಸೈನಿಕರಿಗೆಂದೇ ಮೀಸಲಾದ ದಾರಿಗಳು ತಮಗೂ ತೆರೆದಿವೆಯೆಂದು ಅವರು ಭಾವಿಸಿಕೊಳ್ಳಬಾರದು.

ಡಿಎಸ್‌ಸಿಗೆ ವಯಸ್ಸಿನ ಮಿತಿಯ ಜೊತೆಗೆ, ಬಿಡುಗಡೆಯಾದ ಬಳಿಕ ಎಷ್ಟು ಕಾಲದೊಳಗೆ ಸೇರಬೇಕೆಂಬ ಗಡುವೂ ಇದೆ. ಆದ್ದರಿಂದ ಪಿಂಚಣಿ ಕಾಗದ ಕೈಸೇರುವವರೆಗೆ ಕಾಯದೆ, ಸೇವೆಯ ಕೊನೆಯ ವರ್ಷದಲ್ಲೇ ತಮ್ಮ ರೆಕಾರ್ಡ್ ಕಚೇರಿಯನ್ನೂ, ಪುಣೆಯಲ್ಲಿರುವ ಪುನರ್ವಸತಿ ನಿರ್ದೇಶನಾಲಯದ ದಕ್ಷಿಣ ವಲಯ ಕಚೇರಿಯನ್ನೂ, ಮಹಾರಾಷ್ಟ್ರ ಸೈನಿಕ ಕಲ್ಯಾಣ ಇಲಾಖೆಯನ್ನೂ ವಿಚಾರಿಸಿ, ಮನೆಯವರೊಡನೆ ಕುಳಿತು ವಯಸ್ಸಿನ ಲೆಕ್ಕ ಹಾಕಿಕೊಳ್ಳುವುದು ಲೇಸು.