ಸುಗ್ಗಿಗೊಂದು ಕಂತು: ಗೃಹಸಾಲದ ಸ್ಪರ್ಧೆಗೆ ಸಿರಿಗೇರಿಯ ಪ್ರಶ್ನೆ

ಸಿರುಗುಪ್ಪ ತಾಲ್ಲೂಕಿನ ಸಿರಿಗೇರಿಯ ಸುತ್ತಮುತ್ತ ಮನೆ ಕಟ್ಟುವ ಲೆಕ್ಕ ಕಾಲುವೆಯ ನೀರಿನ ಮೇಲೆ ನಿಂತಿದೆ. ತುಂಗಭದ್ರೆ ಹರಿದರೆ ಭತ್ತ, ಭತ್ತ ರೈಸ್ ಮಿಲ್ ಸೇರಿದರೆ ರೊಕ್ಕ, ರೊಕ್ಕ ಕೈಗೆ ಬಂದಮೇಲೆ ಗೌಂಡಿಗೆ ಹೇಳಿಕಳಿಸುವುದು. ಒಂದು ಬೆಳೆಗೆ ಬುನಾದಿ, ಇನ್ನೊಂದಕ್ಕೆ ಗೋಡೆ, ಕಾಲ ಕೂಡಿಬಂದ ವರ್ಷ ಸ್ಲ್ಯಾಬು. ಕಂಬದ ತುದಿಯಲ್ಲಿ ಕಬ್ಬಿಣದ ಸರಳು ಹೊರಚಾಚಿ ನಿಂತ ಅರ್ಧ ಮನೆಗಳು ಈ ಸೀಮೆಯ ಊರೂರಲ್ಲೂ ಕಾಣುತ್ತವೆ. ಮಾಲೀಕನನ್ನು ಕೇಳಿದರೆ ಸಿಗುವ ಉತ್ತರ ಒಂದೇ: ಮುಂದಿನ ಸುಗ್ಗಿಗೆ ಹಾಕ್ತೀವಿ.

ಬ್ಯಾಂಕಿನ ಗೃಹಸಾಲಕ್ಕೆ ಈ ಭಾಷೆ ತಿಳಿಯದು. ಅದಕ್ಕೆ ತಿಂಗಳ ಸಂಬಳದ ಚೀಟಿ ಬೇಕು, ಆದಾಯ ತೆರಿಗೆ ವಿವರ ಬೇಕು, ತಿಂಗಳ ಐದನೇ ತಾರೀಖಿಗೋ ಹತ್ತನೇ ತಾರೀಖಿಗೋ ಖಾತೆಯಲ್ಲಿ ಕಂತಿನ ಹಣ ಇರಬೇಕು. ವರ್ಷಕ್ಕೆ ಎರಡು ಸಲ ಹಣ ನೋಡುವವನನ್ನು ಹನ್ನೆರಡು ಸಲ ಕೇಳಿದರೆ ಅವನು ಹತ್ತು ಸಲ ತಪ್ಪುತ್ತಾನೆ. ಅದು ಅವನ ಸಿಬಿಲ್ ಸ್ಕೋರಿನಲ್ಲಿ ಕೆಟ್ಟ ಗುಣ ಎಂದು ದಾಖಲಾಗುತ್ತದೆ. ಅವನ ಎರಡು ಸಲವೂ ಗ್ಯಾರಂಟಿಯದಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಅಣೆಕಟ್ಟೆಯ 19ನೇ ಕ್ರೆಸ್ಟ್ ಗೇಟು ಚೈನು ತುಂಡಾಗಿ ಕೊಚ್ಚಿಹೋದಾಗ ನದಿಗೆ ಹರಿದದ್ದು ಬರೀ ನೀರಲ್ಲ, ನಾಲ್ಕು ಜಿಲ್ಲೆಗಳ ಲೆಕ್ಕಾಚಾರ. ಹರಿಯುವ ನೀರಿನ ನಡುವೆಯೇ ತಾತ್ಕಾಲಿಕ ಗೇಟು ಇಳಿಸಿ ಆ ವರ್ಷದ ಬೆಳೆ ಉಳಿಸಿದ ಕಥೆ ಎಲ್ಲರಿಗೂ ಗೊತ್ತು. ಸಾಲದ ಅರ್ಜಿಯಲ್ಲಿ ಮಾತ್ರ ಗೇಟಿನ ಬಗ್ಗೆ ಬರೆಯುವ ಕಾಲಂ ಇಲ್ಲ.

ಈ ಹಳೆಯ ಗೋಳನ್ನು ಈಗ ಎತ್ತಲು ಕಾರಣವಿದೆ. ಹಣಕಾಸಿನ ನಿಯಂತ್ರಕರು, ಅಂದರೆ ನಿಯಮ ಮಾಡುವ, ದಂಡ ಹಾಕುವ ಸರ್ಕಾರಿ ಸಂಸ್ಥೆಗಳು, ಕೆಲವು ವರ್ಷಗಳಿಂದ ಹೊಸ ದಾರಿ ಹಿಡಿದಿವೆ. ಸುತ್ತೋಲೆ ಹೊರಡಿಸುವ ಬದಲು ಸ್ಪರ್ಧೆ ಏರ್ಪಡಿಸುತ್ತಿವೆ: ಇದು ನಮ್ಮ ಸಮಸ್ಯೆ, ಪರಿಹಾರ ಕಟ್ಟಿ ತೋರಿಸಿ.

ವಾಷಿಂಗ್ಟನ್ನಿನ ನಾಲ್ಕು ದಿನ

ಬ್ರಿಟನ್ನಿನ ಹಣಕಾಸು ನಿಯಂತ್ರಕ ಸಂಸ್ಥೆ ಎಫ್‌ಸಿಎ 2016ರಲ್ಲಿ ಇಂಥ ‘ಟೆಕ್‌ಸ್ಪ್ರಿಂಟ್’ ಆರಂಭಿಸಿತು. ಮರುವರ್ಷ ಬ್ಯಾಂಕ್ ಆಫ್ ಇಂಗ್ಲೆಂಡ್ ಜೊತೆ ಸೇರಿ ಎರಡು ವಾರ ನಡೆಸಿದ ಸ್ಪ್ರಿಂಟ್‌ನಲ್ಲಿ, ನಿಯಮಾವಳಿಯ ಒಂದು ತುಣುಕನ್ನು ಕಂಪ್ಯೂಟರ್ ತಾನೇ ಓದಿ ವರದಿ ಸಿದ್ಧಪಡಿಸುವಂತೆ ಮಾಡಬಹುದು ಎಂಬುದನ್ನು ತೋರಿಸಲಾಯಿತು. ಗೃಹಸಾಲಕ್ಕೆಂದೇ ಇಂಥ ಪಂದ್ಯ ಹೂಡಿದ್ದು ಅಮೆರಿಕದ ವಸತಿ ಹಣಕಾಸು ನಿಯಂತ್ರಕ ಎಫ್‌ಎಚ್‌ಎಫ್‌ಎ. ಮನೆಸಾಲದ ಗುಳ್ಳೆ ಒಡೆದ 2008ರಲ್ಲಿ ಹುಟ್ಟಿದ ಈ ಸಂಸ್ಥೆ ಅದೇ ವರ್ಷ ಸೆಪ್ಟೆಂಬರಿನಲ್ಲಿ ಫ್ಯಾನಿ ಮೇ, ಫ್ರೆಡ್ಡಿ ಮ್ಯಾಕ್ ಎಂಬ ಎರಡು ದೈತ್ಯ ಗೃಹಸಾಲ ಕಂಪನಿಗಳ ಹಗ್ಗ ಹಿಡಿಯಬೇಕಾಯಿತು. 2023ರ ಜುಲೈ 24ರಿಂದ 27ರವರೆಗೆ ವಾಷಿಂಗ್ಟನ್ನಿನ ತನ್ನ ಕಚೇರಿಯಲ್ಲೇ ಅದು ಮೊದಲ ಟೆಕ್‌ಸ್ಪ್ರಿಂಟ್ ನಡೆಸಿತು. ಮನೆಸಾಲದ ಪ್ರಕ್ರಿಯೆಯನ್ನು ಬೇಗ, ಅಗ್ಗ, ನ್ಯಾಯವಾಗಿ ಮುಗಿಸುವುದು ಹೇಗೆ ಎಂಬುದು ಆ ಪಂದ್ಯದ ತಿರುಳು. ಮರುವರ್ಷದ ಜುಲೈನಲ್ಲಿ ವಿಷಯ ಬದಲಾಯಿತು: ಜನರೇಟಿವ್ ಎಐಯನ್ನು ಗೃಹಸಾಲದಲ್ಲಿ ಹೊಣೆಯಿಂದ ಬಳಸುವುದು ಹೇಗೆ?

ಪದ್ಧತಿ ಸರಳ. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಕಾನೂನು ತಿಳಿದವರು, ಗ್ರಾಹಕರ ಪರ ನಿಲ್ಲುವವರು ಒಂದೊಂದು ತಂಡದಲ್ಲಿ ಬೆರೆಯುತ್ತಾರೆ. ಕಡೆಯ ದಿನ ತೀರ್ಪುಗಾರರ ಮುಂದೆ ಪ್ರದರ್ಶನ. ಸರ್ಕಾರ ಯಾವ ಕಂಪನಿಯಿಂದಲೂ ಏನನ್ನೂ ಕೊಳ್ಳುವುದಿಲ್ಲ. ನಿಯಂತ್ರಕನಿಗೆ ಸಿಗುವ ನಿಜವಾದ ಲಾಭ, ನಾಳೆ ಮಾರುಕಟ್ಟೆಗೆ ಬರುವ ವಸ್ತುವನ್ನು ಇಂದೇ ತಿರುಗಿಸಿ ಮುರುಗಿಸಿ ನೋಡುವ ಅವಕಾಶ. ನಾನು ಇದನ್ನು ಮೆಚ್ಚುತ್ತೇನೆ. ತಂತ್ರಜ್ಞಾನ ಊರೆಲ್ಲ ಹಬ್ಬಿ, ಜನ ಕೈಸುಟ್ಟುಕೊಂಡಮೇಲೆ ನಿಯಮ ಬರೆಯುವ ಚಾಳಿಗಿಂತ ಇದು ಎಷ್ಟೋ ವಾಸಿ.

ಸರ್ಕಾರ ಬಹುಮಾನ ಕಟ್ಟುವುದು ಹೊಸದೂ ಅಲ್ಲ. 1714ರಲ್ಲಿ ಬ್ರಿಟಿಷ್ ಸಂಸತ್ತು ಸಮುದ್ರದ ಮೇಲೆ ರೇಖಾಂಶ ಕಂಡುಹಿಡಿದವರಿಗೆ 20,000 ಪೌಂಡ್ ಘೋಷಿಸಿತ್ತು. ತೀರ್ಪುಗಾರರಲ್ಲಿ ಖಗೋಳ ಪಂಡಿತರದೇ ಕೈಮೇಲು. ಪರಿಹಾರ ತಂದವನು ಜಾನ್ ಹ್ಯಾರಿಸನ್, ಬಡಗಿಯಾಗಿ ಬೆಳೆದು ತಾನೇ ಗಡಿಯಾರ ಕಲಿತವನು. ನಕ್ಷತ್ರದಲ್ಲಿ ಉತ್ತರ ಹುಡುಕುತ್ತಿದ್ದವರಿಗೆ ಗಡಿಯಾರ ಒಪ್ಪಿಗೆಯಾಗಲಿಲ್ಲ. ಅವನು ಪೂರ್ತಿ ಹಣ ನೋಡುವಷ್ಟರಲ್ಲಿ 1773 ಆಗಿತ್ತು, ವಯಸ್ಸು ಎಂಬತ್ತು. ಸ್ಪರ್ಧೆಯಲ್ಲಿ ಪ್ರಶ್ನೆ ಯಾರು ಬರೆದರು, ಪೀಠದಲ್ಲಿ ಯಾರು ಕೂತರು ಎನ್ನುವುದೇ ಅರ್ಧ ಫಲಿತಾಂಶ.

ನಮ್ಮ ಪಂದ್ಯದಲ್ಲಿ ಮನೆ ಎಲ್ಲಿ?

ಭಾರತದಲ್ಲಿ ಗೃಹಸಾಲ ಕಂಪನಿಗಳ ನಿಯಂತ್ರಣ 2019ರ ಆಗಸ್ಟ್ 9ರಂದು ರಾಷ್ಟ್ರೀಯ ವಸತಿ ಬ್ಯಾಂಕಿನಿಂದ ರಿಸರ್ವ್ ಬ್ಯಾಂಕಿಗೆ ಹೋಯಿತು. ರಿಸರ್ವ್ ಬ್ಯಾಂಕಿಗೆ ಸ್ಪರ್ಧೆಯ ರುಚಿ ಹತ್ತಿದ್ದೂ ಅದರ ಹಿಂದೆಯೇ. 2021ರ ನವೆಂಬರಿನಲ್ಲಿ ‘ಹಾರ್ಬಿಂಜರ್’ ಎಂಬ ಮೊದಲ ಜಾಗತಿಕ ಹ್ಯಾಕಥಾನ್ ಪ್ರಕಟವಾಯಿತು. ಗೆದ್ದವರಿಗೆ 40 ಲಕ್ಷ ರೂಪಾಯಿ, ಎರಡನೆಯವರಿಗೆ 20 ಲಕ್ಷ. ಆಗಿನ ವಿಷಯ ಡಿಜಿಟಲ್ ಪಾವತಿ. 2023ರಲ್ಲಿ ಎಲ್ಲರನ್ನೂ ಒಳಗೊಳ್ಳುವ ಡಿಜಿಟಲ್ ಸೇವೆ. 2024ರಲ್ಲಿ ಹಣಕಾಸು ವಂಚನೆ ತಡೆ ಮತ್ತು ದಿವ್ಯಾಂಗಸ್ನೇಹಿ ಸೇವೆ. ಎಲ್ಲವೂ ಬೇಕಾದ ವಿಷಯಗಳೇ. ಆದರೆ ಈ ಮೂರು ಆವೃತ್ತಿಗಳ ಪ್ರಶ್ನೆಪತ್ರಿಕೆಯಲ್ಲಿ ಮನೆ ಎಂಬ ಮಾತು ಬರಲಿಲ್ಲ.

ಮನೆಯ ಮಾತು ಬಂದ ಸ್ಪರ್ಧೆ ಬೇರೆ. ಕೇಂದ್ರ ವಸತಿ ಸಚಿವಾಲಯ 2019ರ ಜನವರಿಯಲ್ಲಿ ಜಾಗತಿಕ ವಸತಿ ತಂತ್ರಜ್ಞಾನ ಸವಾಲು ಕರೆದು 54 ತಂತ್ರಗಳನ್ನು ಆರಿಸಿತು. ಇಂದೋರ್, ರಾಜ್‌ಕೋಟ್, ಚೆನ್ನೈ, ರಾಂಚಿ, ಅಗರ್ತಲಾ, ಲಖನೌಗಳಲ್ಲಿ ತಲಾ ಸಾವಿರದಷ್ಟು ಮನೆಗಳ ಮಾದರಿ ಯೋಜನೆಗೆ 2021ರ ಜನವರಿ 1ರಂದು ಶಂಕುಸ್ಥಾಪನೆಯಾಯಿತು. ಗೋಡೆ ಬೇಗ ಏಳಿಸುವುದು ಹೇಗೆ ಎಂದು ಅದು ಕೇಳಿತು. ಆ ಗೋಡೆಗೆ ಹಣ ಹೊಂದಿಸುವ ಪ್ರಶ್ನೆ ಅದರ ವ್ಯಾಪ್ತಿಯಲ್ಲಿರಲಿಲ್ಲ. ಆರರಲ್ಲಿ ಕರ್ನಾಟಕದ ಊರು ಒಂದೂ ಇಲ್ಲ ಎಂಬುದನ್ನು ಬಿಟ್ಟುಬಿಡೋಣ.

ಹೀಗಿದ್ದೂ ಉತ್ತರದ ಬಿಡಿಭಾಗಗಳು ಕರ್ನಾಟಕದಲ್ಲೇ ಬಿದ್ದಿವೆ. ರಿಸರ್ವ್ ಬ್ಯಾಂಕ್ ಇನ್ನೊವೇಶನ್ ಹಬ್ ಉದ್ಘಾಟನೆಯಾದದ್ದು ಬೆಂಗಳೂರಿನಲ್ಲಿ, 2022ರ ಮಾರ್ಚ್ 24ರಂದು. ಅದು ರೂಪಿಸಿದ ‘ಘರ್ಷಣೆಯಿಲ್ಲದ ಸಾಲ’ದ ವೇದಿಕೆಯ ಪ್ರಯೋಗ 2023ರ ಆಗಸ್ಟ್ 17ರಂದು ಶುರುವಾಯಿತು. ಮರುವರ್ಷ ಆಗಸ್ಟಿನಲ್ಲಿ ಬೆಂಗಳೂರಿನ ಸಮ್ಮೇಳನದಲ್ಲೇ ಆಗಿನ ಗವರ್ನರ್ ಶಕ್ತಿಕಾಂತ ದಾಸ್ ಅದಕ್ಕೆ ಯುಎಲ್‌ಐ ಎಂದು ಹೆಸರಿಟ್ಟರು. ಆಧಾರ್ ದೃಢೀಕರಣ, ಪ್ಯಾನ್ ಪರಿಶೀಲನೆ, ರಾಜ್ಯಗಳ ಭೂದಾಖಲೆ, ಉಪಗ್ರಹದ ಚಿತ್ರ, ಡೇರಿಗೆ ಹಾಕಿದ ಹಾಲಿನ ಲೆಕ್ಕ, ಎಲ್ಲವನ್ನೂ ಸಾಲಗಾರನ ಒಪ್ಪಿಗೆಯ ಮೇಲೆ ಬ್ಯಾಂಕಿನ ಮುಂದೆ ಒಟ್ಟಿಗೆ ಇಡುವ ಏರ್ಪಾಡು ಅದು. ಭೂದಾಖಲೆ ಜೋಡಿಸಿದ ಮೊದಲ ರಾಜ್ಯಗಳಲ್ಲಿ ಕರ್ನಾಟಕವೂ ಒಂದು; ಮೊದಲ ಪ್ರಯೋಗದ ಪಟ್ಟಿಯಲ್ಲಿ ಕಿಸಾನ್ ಕ್ರೆಡಿಟ್ ಕಾರ್ಡ್, ಹೈನು ಸಾಲಗಳ ಜೊತೆ ಗೃಹಸಾಲವೂ ಇತ್ತು.

ಹಾಲಿನ ಲೆಕ್ಕದ ಉಪಾಯ ನೋಡಿ. ಸಂಬಳದ ಚೀಟಿ ಇಲ್ಲದ ಹೆಣ್ಣುಮಗಳು ದಿನಾ ಬೆಳಿಗ್ಗೆ ಡೇರಿಗೆ ಸುರಿದ ಹಾಲೇ ಅವಳ ಆದಾಯದ ಸಾಕ್ಷಿ. ಅಮೆರಿಕದಲ್ಲಿ ಫ್ಯಾನಿ ಮೇ 2021ರ ಸೆಪ್ಟೆಂಬರಿನಿಂದ ತಪ್ಪದೆ ಕಟ್ಟಿದ ಬಾಡಿಗೆಯನ್ನು ಸಾಲದ ಅರ್ಹತೆಗೆ ಪರಿಗಣಿಸತೊಡಗಿದ್ದೂ ಇದೇ ತರ್ಕದಿಂದ. ಹಾಗಾದರೆ ಸಿರಿಗೇರಿಯ ಭತ್ತಕ್ಕೆ ಸಾಕ್ಷಿ ಯಾವುದು? ಮಿಲ್ಲಿನ ವೇಬ್ರಿಜ್ ಚೀಟಿ ಇದೆ. ರೈತರ ನೋಂದಣಿಗೆ ರಾಜ್ಯದ ‘ಫ್ರೂಟ್ಸ್’ ತಂತ್ರಾಂಶವಿದೆ. ಹೊಲಕ್ಕೆ ಹೋಗಿ ಮೊಬೈಲಿನಲ್ಲಿ ಫೋಟೊ ತೆಗೆದು ಮಾಡುವ ಬೆಳೆ ಸಮೀಕ್ಷೆಯಿದೆ. ಕಾಲುವೆಗೆ ಎಂದಿನಿಂದ ಎಂದಿನವರೆಗೆ ನೀರು ಎಂಬ ತೀರ್ಮಾನ ಪ್ರತಿ ಹಂಗಾಮಿನಲ್ಲೂ ಪ್ರಕಟವಾಗುತ್ತದೆ. ಇವನ್ನು ಪೋಣಿಸಿ, ನೀರು ಬಂದ ವರ್ಷ ಎರಡು ದೊಡ್ಡ ಕಂತು, ಬಾರದ ವರ್ಷ ಬಡ್ಡಿ ಮಾತ್ರ ಎಂಬ ಗೃಹಸಾಲ ಕಟ್ಟಿಕೊಡಿ ಎಂದು ಹ್ಯಾಕಥಾನಿನಲ್ಲಿ ಕೇಳಲಿ. ಬೆಳೆಸಾಲವನ್ನು ಸುಗ್ಗಿ ನೋಡಿ ವಸೂಲು ಮಾಡುವುದು ಬ್ಯಾಂಕುಗಳಿಗೆ ಹೊಸದೇನಲ್ಲ. ಮನೆಸಾಲಕ್ಕೆ ಬಂದಾಗಲೇ ತಿಂಗಳ ಕ್ಯಾಲೆಂಡರು ಗೋಡೆಗೆ ಬರುತ್ತದೆ.

ಹೊಲಕ್ಕೆ ಪಹಣಿ, ಮನೆಗೆ ನಮೂನೆ 9

ಇನ್ನೊಂದು ತೊಡಕು ಕಾಗದದ್ದು. ಇಲ್ಲಿ ಸಾಫ್ಟ್‌ವೇರಿನವರು ಸುಲಭವಾಗಿ ಜಾರಿ ಬೀಳುತ್ತಾರೆ. ಹೊಲದ ದಾಖಲೆಯನ್ನು ‘ಭೂಮಿ’ ಯೋಜನೆ 2000ದ ಸುಮಾರಿಗೇ ಕಂಪ್ಯೂಟರಿಗೆ ತಂದಿತು, ಸುಮಾರು ಎರಡು ಕೋಟಿ ಪಹಣಿ. ಊರೊಳಗಿನ ಮನೆಜಾಗ ಪಹಣಿಗೆ ಸೇರಿದ್ದಲ್ಲ. ಅದು ಗ್ರಾಮ ಪಂಚಾಯಿತಿಯ ಪುಸ್ತಕದಲ್ಲಿ ಉಳಿದಿತ್ತು. ಪಂಚಾಯಿತಿ ಆಸ್ತಿಗಳ ‘ಇ-ಸ್ವತ್ತು’ ತಂತ್ರಾಂಶ ಬಂದಮೇಲೆ ಗ್ರಾಮಠಾಣಾ ಒಳಗಿನ, ಭೂಪರಿವರ್ತನೆಯಾದ, ಅಥವಾ ಸರ್ಕಾರಿ ವಸತಿ ಯೋಜನೆಯ ಜಾಗಕ್ಕೆ ನಮೂನೆ 9 ಸಿಗತೊಡಗಿತು; ಉಳಿದವಕ್ಕೆ 11ಬಿ. ಬ್ಯಾಂಕು ಕೇಳುವುದು ನಮೂನೆ 9. ಡ್ರೋನ್ ಹಾರಿಸಿ ಊರ ಮನೆಗಳ ಗಡಿ ಗುರುತಿಸುವ ಸ್ವಾಮಿತ್ವ ಯೋಜನೆ 2020ರಲ್ಲಿ ಬಂತು. ಆ ಅಕ್ಟೋಬರ್ 11ರಂದು ಆರು ರಾಜ್ಯಗಳ 763 ಹಳ್ಳಿಗಳಿಗೆ ಮೊದಲ ಕಾರ್ಡು ಹಂಚಿದಾಗ ಕರ್ನಾಟಕದ ಹಳ್ಳಿಗಳು ಎರಡೇ ಎರಡು. ಭೂದಾಖಲೆಯಲ್ಲಿ ಮುಂದಿದ್ದ ರಾಜ್ಯ ಮನೆದಾಖಲೆಯಲ್ಲಿ ನಿಧಾನವಾಗಿ ಹೊರಟಿತು.

ಕಾಗದ ಕಂಪ್ಯೂಟರಿಗೆ ಬಂದರೂ ಖಾತೆ ಅಜ್ಜನ ಹೆಸರಲ್ಲೇ ಇರುತ್ತದೆ. ಪೌತಿ ಖಾತೆ ಆಗಬೇಕಾದರೆ ಮೂವರು ಅಣ್ಣತಮ್ಮಂದಿರು, ಮದುವೆಯಾಗಿ ಹೋದ ಅಕ್ಕತಂಗಿಯರು ಸಹಿ ಹಾಕಬೇಕು. ಯಾವ ಹ್ಯಾಕಥಾನೂ ದಾಯಾದಿ ವ್ಯಾಜ್ಯ ಬಿಡಿಸದು. ಇನ್ನು ಗುತ್ತಿಗೆಗೆ ಭತ್ತ ನಾಟಿ ಮಾಡುವವನ ಹೆಸರು ಪಹಣಿಯಲ್ಲೇ ಇಲ್ಲ. ಭೂದಾಖಲೆ ನೋಡಿ ಸಾಲ ತೂಗುವ ಯಂತ್ರ ಅವನನ್ನು ಹೊರಗಿಟ್ಟು, ಬೆಂಗಳೂರಿನಲ್ಲಿ ಕೂತ ಪಹಣಿದಾರನಿಗೆ ಸಾಲ ಮಂಜೂರು ಮಾಡುತ್ತದೆ. ತೀರ್ಪುಗಾರರು ನಿಲ್ಲಿಸಿ ಕೇಳಬೇಕಾದ ಜಾಗ ಇದು.

ವೇಗದ ಸಾಲದ ಅಪಾಯವನ್ನೂ ಈ ನಾಡು ಕಂಡಿದೆ. ಬಾಗಿಲಿಗೇ ಬಂದು ಕೊಟ್ಟ ಮೈಕ್ರೋಫೈನಾನ್ಸ್ ಸಾಲದ ವಸೂಲಿ ಕಿರುಕುಳಕ್ಕೆ ತಿರುಗಿ, 2025ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಸುಗ್ರೀವಾಜ್ಞೆ ತರಬೇಕಾಯಿತು. ಸಾಲ ಹತ್ತು ನಿಮಿಷದಲ್ಲಿ ಸಿಕ್ಕರೆ ಸಾಲದು. ಬೆಳೆ ಹೋದ ವರ್ಷ ಏನಾಗುತ್ತದೆ ಎಂಬುದಕ್ಕೆ ಉತ್ತರವಿಲ್ಲದ ತಂತ್ರಕ್ಕೆ ಬಹುಮಾನ ಕೊಡಬಾರದು. ಎಷ್ಟೋ ಸಲ ಯಂತ್ರಕ್ಕಿಂತ ಒಂದು ಪುಟದ ಆದೇಶವೇ ಹೆಚ್ಚು ಕೆಲಸ ಮಾಡುತ್ತದೆ. ಸಾಲ ತೀರಿದ 30 ದಿನದೊಳಗೆ ಆಸ್ತಿಪತ್ರ ಹಿಂದಿರುಗಿಸಬೇಕು, ಬ್ಯಾಂಕಿನ ತಪ್ಪಿನಿಂದ ತಡವಾದರೆ ದಿನಕ್ಕೆ 5,000 ರೂಪಾಯಿ ಪರಿಹಾರ ಕೊಡಬೇಕು ಎಂಬ ರಿಸರ್ವ್ ಬ್ಯಾಂಕಿನ ನಿಯಮ 2023ರ ಡಿಸೆಂಬರ್ 1ರಿಂದ ಜಾರಿಯಲ್ಲಿದೆ. ಅದಕ್ಕೆ ಯಾವ ಎಐಯೂ ಬೇಕಾಗಲಿಲ್ಲ.

ಸುಗ್ಗಿಕಂತಿನ ಗೃಹಸಾಲದ ಪ್ರಯೋಗಕ್ಕೆ ಬಳ್ಳಾರಿಗಿಂತ ಒಳ್ಳೆಯ ಜಾಗವನ್ನು ನಾನು ಕಾಣೆ. 1976ರಲ್ಲಿ ಇಲ್ಲಿ ತುಂಗಭದ್ರಾ ಗ್ರಾಮೀಣ ಬ್ಯಾಂಕ್ ಹುಟ್ಟಿತು. ವಿಲೀನದ ಮೇಲೆ ವಿಲೀನವಾಗಿ, 2025ರ ಮೇ 1ರಿಂದ ಇಡೀ ರಾಜ್ಯಕ್ಕೆ ಒಂದೇ ಆಗಿರುವ ಕರ್ನಾಟಕ ಗ್ರಾಮೀಣ ಬ್ಯಾಂಕಿನ ಕೇಂದ್ರ ಕಚೇರಿ ಬಳ್ಳಾರಿಯಲ್ಲೇ ಇದೆ. ನಾಲ್ಕು ಜಿಲ್ಲೆಗಳ ಹಾಲು ಒಕ್ಕೂಟವೂ ಇಲ್ಲೇ ಇದೆ. ಸಿರುಗುಪ್ಪ, ಕುರುಗೋಡು ತಾಲ್ಲೂಕುಗಳಲ್ಲಿ ನೀರಾವರಿ ಭತ್ತ, ಮಳೆಯಾಶ್ರಿತ ಎರೆಹೊಲ, ಗುತ್ತಿಗೆದಾರ, ಗುಳೆ ಹೋಗುವವ ಎಲ್ಲರೂ ಒಂದೇ ಹೋಬಳಿಯೊಳಗೆ ಸಿಗುತ್ತಾರೆ. ಇನ್ನೊವೇಶನ್ ಹಬ್‌ನವರು ಮುಂದಿನ ಸ್ಪರ್ಧೆಯ ಪ್ರಶ್ನೆ ಬರೆಯುವ ಮುನ್ನ ಇಲ್ಲಿಗೊಮ್ಮೆ ಬರಲಿ. ತೀರ್ಪುಗಾರರ ಪೀಠದಲ್ಲಿ ಒಬ್ಬ ಪಿಡಿಒ, ಗ್ರಾಮೀಣ ಬ್ಯಾಂಕಿನ ಒಬ್ಬ ಫೀಲ್ಡ್ ಆಫೀಸರು, ಸ್ವಸಹಾಯ ಸಂಘದ ಒಬ್ಬ ಹೆಣ್ಣುಮಗಳು ಇರಲಿ. ಬೆಂಗಳೂರಿನಿಂದ ರಾತ್ರಿ ಹಂಪಿ ಎಕ್ಸ್‌ಪ್ರೆಸ್ ಹತ್ತಿದರೆ ಬೆಳಿಗ್ಗೆ ಬಳ್ಳಾರಿ.