ನೆಲ ಕೆಟ್ಟಿಲ್ಲ, ಮೇಲಿನ ಐದು ಮಿಲಿಮೀಟರ್ ಕೆಟ್ಟಿದೆ

ಬೆಂಗಳೂರು ಬಳಿಯ ಹಾರೋಹಳ್ಳಿ ಕೈಗಾರಿಕಾ ಪ್ರದೇಶದಂಥ ಕಡೆ ಹಳೆಯ ಶೆಡ್‌ಗಳ ಕಾಂಕ್ರೀಟ್ ನೆಲ ಎಲ್ಲೆಡೆ ಒಂದೇ ಸಮ ಸವೆಯುವುದಿಲ್ಲ. ಗೋಡೆಯಂಚಿನಲ್ಲಿ, ರ‍್ಯಾಕುಗಳ ಅಡಿಯಲ್ಲಿ ಅದು ಹಾಕಿದ ದಿನದಷ್ಟೇ ನಯವಾಗಿರುತ್ತದೆ. ಸರಕು ಇಳಿಸುವ ಬಾಗಿಲ ಬಳಿ, ಫೋರ್ಕ್‌ಲಿಫ್ಟ್ ತಿರುಗುವ ಮೂಲೆಯಲ್ಲಿ ಮಾತ್ರ ಜಲ್ಲಿ ಎದ್ದು ಕಾಣುತ್ತದೆ. ಬೆಳಿಗ್ಗೆ ಗುಡಿಸಿದರೆ ಮಧ್ಯಾಹ್ನದ ಹೊತ್ತಿಗೆ ಮತ್ತೆ ಬೂದುಬಣ್ಣದ ಪುಡಿ. ಪ್ಯಾಕಿಂಗ್ ಡಬ್ಬದ ಮೇಲೂ ಅದೇ, ಯಂತ್ರದ ಬೇರಿಂಗಿನಲ್ಲೂ ಅದೇ. ಇಂಥ ನೆಲ ಕಂಡಾಗ ಮಾಲೀಕರಿಗೆ ಮೊದಲು ಹೊಳೆಯುವುದು ಬ್ರೇಕರ್ ತರಿಸಿ ಒಡೆಸಿ, ಹೊಸದಾಗಿ ಕಾಂಕ್ರೀಟ್ ಹಾಕಿಸುವ ಯೋಚನೆ. ಬಹುಪಾಲು ಸಂದರ್ಭಗಳಲ್ಲಿ ಅದು ದಂಡದ ಖರ್ಚು.

ಲೆಕ್ಕ ಹಾಕಿ ನೋಡಿ. ಸಾವಿರ ಚದರ ಮೀಟರಿನ ಶೆಡ್, 150 ಮಿ.ಮೀ. ದಪ್ಪದ ನೆಲ ಎಂದರೆ 150 ಘನ ಮೀಟರ್ ಕಾಂಕ್ರೀಟ್, ತೂಕ ಸುಮಾರು 360 ಟನ್. ಅದನ್ನೆಲ್ಲ ಒಡೆದು, ಲಾರಿಗೆ ತುಂಬಿ, ಎಲ್ಲಾದರೂ ಸುರಿದು, ಅಷ್ಟೇ ತೂಕವನ್ನು ಮತ್ತೆ ತರಬೇಕು. ಘನ ಮೀಟರಿಗೆ 350 ಕೆ.ಜಿ. ಸಿಮೆಂಟ್ ಎಂದುಕೊಂಡರೂ ಐವತ್ತು ಟನ್ನಿಗೆ ಮಿಕ್ಕಿದ ಸಿಮೆಂಟು, ಅಂದರೆ ಸಾವಿರ ಮೂಟೆಗೂ ಹೆಚ್ಚು. ಬದಲಿಗೆ ಹಳೆಯದರ ಮೇಲೆ 10 ಮಿ.ಮೀ. ಹೊಸ ಪದರ ಹಾಸಿದರೆ ಬೇಕಾಗುವುದು 10 ಘನ ಮೀಟರ್, 24 ಟನ್ ಆಸುಪಾಸು. ಜಗತ್ತು ಹೊರಬಿಡುವ ಇಂಗಾಲದ ಡೈಆಕ್ಸೈಡಿನಲ್ಲಿ ಶೇ 7–8ರಷ್ಟು ಸಿಮೆಂಟ್ ಉದ್ಯಮದ್ದೇ. ಸುಣ್ಣಕಲ್ಲನ್ನು ಸುಟ್ಟಾಗ ಕಲ್ಲಿನೊಳಗಿನ ಅನಿಲವೇ ಹೊರಬರುವುದರಿಂದ, ಕುಲುಮೆಗೆ ಎಂಥ ಇಂಧನ ಹಾಕಿದರೂ ಅದರ ದೊಡ್ಡ ಪಾಲು ತಪ್ಪುವುದಿಲ್ಲ. ಆದ್ದರಿಂದ ಸಿಮೆಂಟನ್ನೇ ಬಳಸದೆ ಕೆಲಸ ಮುಗಿಸಿದರೆ ಅದಕ್ಕಿಂತ ಹಸಿರು ಸಿಮೆಂಟು ಬೇರೆ ಇಲ್ಲ.

ಹಾಗಾದರೆ ಸವೆದದ್ದು ಏನು? ಕಾಂಕ್ರೀಟೆಂದರೆ ಜಲ್ಲಿ, ಮರಳು, ಅವೆರಡನ್ನೂ ಹಿಡಿದಿಡುವ ಸಿಮೆಂಟ್ ಅಂಟು. ಈ ಸೀಮೆಯ ಕ್ರಷರ್‌ಗಳಿಂದ ಬರುವ ಜಲ್ಲಿ ಹೆಚ್ಚಾಗಿ ಗ್ರಾನೈಟ್, ನೈಸ್ ಜಾತಿಯ ಕಲ್ಲು. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತಲ್ಲ, ಅಲ್ಲಿನ ಬೆಟ್ಟಗಳ ಕಲ್ಲನ್ನು ಭೂವಿಜ್ಞಾನಿಗಳು ಇಂದಿಗೂ ಕ್ಲೋಸ್‌ಪೇಟೆ ಗ್ರಾನೈಟ್ ಎಂದೇ ಕರೆಯುತ್ತಾರೆ. ಅದರ ವಯಸ್ಸು ಸುಮಾರು 250 ಕೋಟಿ ವರ್ಷ. ಹಾರೋಹಳ್ಳಿಯ ಹೆಸರೂ ಭೂವಿಜ್ಞಾನದ ಪುಸ್ತಕಗಳಲ್ಲಿದೆ. ಇಲ್ಲಿನ ಹಳೆಯ ಬಂಡೆಗಳ ಬಿರುಕಿಗೆ ಕರಗಿದ ಶಿಲಾದ್ರವ ನುಗ್ಗಿ ಹೆಪ್ಪುಗಟ್ಟಿದ ಕಪ್ಪು ಕಲ್ಲಿನ ಪಟ್ಟಿಗಳು ಹಾರೋಹಳ್ಳಿ ಡೈಕ್‌ಗಳೆಂದೇ ಪ್ರಸಿದ್ಧ. ಅವುಗಳಲ್ಲಿ ಒಂದು ಬಗೆಯದಕ್ಕೆ ಸುಮಾರು 119 ಕೋಟಿ ವರ್ಷ ವಯಸ್ಸೆಂದು 2008ರಲ್ಲಿ ಪ್ರಕಟವಾದ ಅಧ್ಯಯನ ಹೇಳಿತು. ಇಷ್ಟು ಕಾಲ ಬಿಸಿಲು ಮಳೆಗೆ ಜಗ್ಗದ ಕಲ್ಲು ಹ್ಯಾಂಡ್ ಪ್ಯಾಲೆಟ್ ಗಾಡಿಯ ನೈಲಾನ್ ಚಕ್ರಕ್ಕೆ ಸವೆಯುವುದುಂಟೆ? ಸವೆಯುವುದು ಅಂಟು.

ಅದರಲ್ಲೂ ಮೇಲ್ಮೈಯ ಅಂಟು. ಕಾಂಕ್ರೀಟ್ ಹಾಕಿದ ಕೆಲ ಹೊತ್ತಿಗೆ ಜಲ್ಲಿ ಕೆಳಗೆ ಕೂರುತ್ತದೆ, ಹೆಚ್ಚುವರಿ ನೀರು ಮೇಲೆ ಬರುತ್ತದೆ. ಬರುವಾಗ ನುಣ್ಣನೆಯ ಸಿಮೆಂಟನ್ನೂ ಧೂಳನ್ನೂ ಹೊತ್ತು ತರುತ್ತದೆ. ಗಾರೆಯವರು ಬೇಗ ನಯ ಬರಲೆಂದು ಆ ನೀರಿನ ಮೇಲೆಯೇ ಕರಣೆ ಆಡಿಸಿದರೆ, ಒಣ ಸಿಮೆಂಟ್ ಉದುರಿಸಿದರೆ, ಆಮೇಲೆ ಎರಡೇ ದಿನ ನೀರುಣಿಸಿ ಕೈಬಿಟ್ಟರೆ, ಮೇಲಿನ ಕೆಲವು ಮಿಲಿಮೀಟರ್ ಒಳಗಿನದಕ್ಕಿಂತ ಬಹಳ ದುರ್ಬಲವಾಗುತ್ತದೆ. ಟ್ರಿಮಿಕ್ಸ್ ನೆಲದಲ್ಲಿ ಹಸಿ ಕಾಂಕ್ರೀಟಿನ ಮೇಲೆ ಚಾಪೆ ಹಾಸಿ ಪಂಪಿನಿಂದ ನೀರು ಹೀರುವುದು ಇದನ್ನು ತಪ್ಪಿಸಲೆಂದೇ. ಇನ್ನು ಭಾರದ ಮಾತು. ಲಾರಿ ಟೈರಿನೊಳಗಿನ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 8 ಕೆ.ಜಿ.; ಟೈರು ನೆಲವನ್ನು ಒತ್ತುವುದೂ ಸರಿಸುಮಾರು ಅಷ್ಟೇ. ಪ್ಯಾಲೆಟ್ ಗಾಡಿಯ ಮುಷ್ಟಿಯಷ್ಟಿರುವ ಗಟ್ಟಿ ಚಕ್ರಕ್ಕೆ ಗಾಳಿಯೂ ಇಲ್ಲ, ಬಾಗುವ ಗುಣವೂ ಇಲ್ಲ. ಅದು ತನ್ನ ಪಾಲಿನ ಭಾರವನ್ನೆಲ್ಲ ಬೆರಳಗಲದ ಗೆರೆಯ ಮೇಲೆ ಹೇರುತ್ತದೆ. ಹತ್ತು ಚಕ್ರದ ಲಾರಿ ತಡೆದ ನೆಲ ಕೈಗಾಡಿಗೆ ಸೋಲುವುದು ಹೀಗೆ.

ಅಂಟು ಪುಡಿಯಾಗಿದ್ದರೂ ನೆಲ ಗಟ್ಟಿಯಾಗಿದ್ದರೆ ಎಷ್ಟೋ ಸಲ ಹೊಸ ಪದರವೇ ಬೇಕಾಗುವುದಿಲ್ಲ, ಗ್ರೈಂಡಿಂಗ್ ಯಂತ್ರವೇ ಸಾಕು. ದೊಡ್ಡದೊಂದು ತಟ್ಟೆ, ಅದರಡಿಯಲ್ಲಿ ಮೂರೋ ನಾಲ್ಕೋ ಚಿಕ್ಕ ತಟ್ಟೆಗಳು. ಚಿಕ್ಕವು ತಮ್ಮ ಅಕ್ಷದ ಮೇಲೆ ತಿರುಗುತ್ತಲೇ ದೊಡ್ಡದರ ಜೊತೆಗೂ ಸುತ್ತುತ್ತವೆ. ಗ್ರಹಗಳಿಗಿರುವಂಥ ಈ ಎರಡು ಬಗೆಯ ತಿರುಗಾಟದಿಂದಲೇ ಯಂತ್ರಕ್ಕೆ ಪ್ಲಾನೆಟರಿ ಎಂಬ ಹೆಸರು. ಒಂದೇ ಜಾಗದ ಮೇಲೆ ಹಲವು ದಿಕ್ಕಿನಿಂದ ತಿಕ್ಕುವುದರಿಂದ ಹಳ್ಳ ಬೀಳುವುದಿಲ್ಲ. ಚಿಕ್ಕ ತಟ್ಟೆಗಳಿಗೆ ಕೂರಿಸಿದ ಲೋಹದ ತುಂಡುಗಳಲ್ಲಿ ಕೃತಕ ವಜ್ರದ ಹರಳುಗಳಿರುತ್ತವೆ. ಇಲ್ಲೊಂದು ತಮಾಷೆಯ ವಿಷಯ: ಗಟ್ಟಿ ನೆಲಕ್ಕೆ ಮೆತ್ತನೆಯ ಲೋಹ ಬೇಕು, ಮೆತ್ತನೆಯ ನೆಲಕ್ಕೆ ಗಟ್ಟಿ ಲೋಹ. ವಜ್ರ ಮೊಂಡಾದಾಗ ಸುತ್ತಲ ಲೋಹ ಸವೆದು ಒಳಗಿನ ಹೊಸ ವಜ್ರ ಮೇಲೆ ಬರಬೇಕು. ಪುಡಿಪುಡಿಯಾದ ನೆಲ ಲೋಹವನ್ನು ತಾನೇ ಉಜ್ಜಿ ಸವೆಸುತ್ತದೆ, ಹಾಗಾಗಿ ಲೋಹ ಗಟ್ಟಿಯಿರಬೇಕು. ಗಟ್ಟಿ ನೆಲ ಅಷ್ಟು ಉಜ್ಜುವುದಿಲ್ಲ, ಲೋಹ ತಾನಾಗಿ ಸವೆಯುವಷ್ಟು ಮೆತ್ತಗಿರಬೇಕು. ಇದನ್ನು ಅರಿಯದವನ ಯಂತ್ರ ಗಂಟೆಗಟ್ಟಲೆ ತಿರುಗಿ ನೆಲವನ್ನು ಬರೀ ಬಿಸಿ ಮಾಡುತ್ತದೆ.

ಪುಡಿ ಪದರ ಹೋದ ಮೇಲೆ ಸೋಡಿಯಂ ಅಥವಾ ಲಿಥಿಯಂ ಸಿಲಿಕೇಟ್ ದ್ರಾವಣ ಹಾಕುತ್ತಾರೆ. ಸಿಮೆಂಟು ನೀರಿನ ಜೊತೆ ಸೇರಿ ಗಟ್ಟಿಯಾಗುವಾಗ ಅರಳಿದ ಸುಣ್ಣವೂ ಹುಟ್ಟುತ್ತದೆ. ಬಲಕ್ಕೆ ಅದರಿಂದ ದೊಡ್ಡ ಉಪಕಾರವಿಲ್ಲ. ಸಿಲಿಕೇಟ್ ಆ ಸುಣ್ಣದ ಜೊತೆ ಸೇರಿ, ಸಿಮೆಂಟಿಗೆ ಬಲ ಕೊಡುವ ಅದೇ ಜಾತಿಯ ವಸ್ತುವಾಗಿ ಸಣ್ಣ ರಂಧ್ರಗಳನ್ನು ಮುಚ್ಚುತ್ತದೆ. ಉಜ್ಜದೆ ನೇರವಾಗಿ ದ್ರಾವಣ ಸುರಿಯುವವರಿದ್ದಾರೆ. ಹಳೆಯ ನೆಲದ ಮೇಲ್ಮೈಯ ಸುಣ್ಣ ಗಾಳಿಯ ಇಂಗಾಲದ ಡೈಆಕ್ಸೈಡ್ ಕುಡಿದು ಆಗಲೇ ಕಲ್ಲಾಗಿರುತ್ತದೆ, ಸಿಲಿಕೇಟಿಗೆ ಜೊತೆ ಸಿಗುವುದಿಲ್ಲ. ಹಾಕಿದ ದುಡ್ಡು ನೆಲದ ಮೇಲೆ ಬಿಳಿ ಕಲೆಯಾಗಿ ಉಳಿಯುತ್ತದೆ. ಸರಿಯಾಗಿ ಮಾಡಿ, ಆಮೇಲೆ ನುಣುಪು ಪ್ಯಾಡುಗಳಿಂದ ತಿಕ್ಕಿದರೆ, ಇದೇ ಸೀಮೆಯ ಗುಲಾಬಿ, ಬೂದು ಕಲ್ಲುಗಳು ನೆಲದಲ್ಲಿ ಹೊಳೆಯುತ್ತವೆ.

ಗುಂಡಿಗಳು ಆಳವಿದ್ದರೆ, ಮಟ್ಟವೇ ತಪ್ಪಿದ್ದರೆ, ಮೇಲೆ ಪದರ ಹಾಕಲೇಬೇಕು. ನಮ್ಮ ಹಳ್ಳಿಮನೆಗಳ ಮಣ್ಣಿನ ನೆಲವನ್ನು ಯಾರೂ ಅಗೆದು ಹೊಸದು ಮಾಡುತ್ತಿರಲಿಲ್ಲ. ಸವೆದಂತೆಲ್ಲ ಸಗಣಿ ಹಾಕಿ ಸಾರಿಸುತ್ತಿದ್ದರು, ಹಳೆಯದರ ಮೇಲೆ ತೆಳ್ಳಗೆ ಹೊಸದು. ಕಾಂಕ್ರೀಟಿನಲ್ಲಿ ಈ ಉಪಾಯಕ್ಕೆ ಒಂದು ತೊಡಕಿದೆ. ಹೊಸ ಪದರ ಒಣಗುತ್ತ ಮೀಟರಿಗೆ ಅರ್ಧ ಮಿಲಿಮೀಟರಿನಷ್ಟು ಕುಗ್ಗಲು ನೋಡುತ್ತದೆ. ಕೆಳಗಿನ ಹಳೆಯದು ವರ್ಷಗಳ ಹಿಂದೆಯೇ ಕುಗ್ಗಿ ಮುಗಿಸಿದೆ, ಅದು ಜರುಗುವುದಿಲ್ಲ. ಈ ಎಳೆದಾಟವನ್ನು ತಡೆಯುವುದು ಎರಡರ ನಡುವಿನ ಹಿಡಿತವೊಂದೇ. ಹಿಡಿತ ಸೋತರೆ ಪದರ ಅಂಚಿನಲ್ಲಿ ಎದ್ದು, ತಟ್ಟಿದರೆ ಟೊಳ್ಳು ಸದ್ದು ಮಾಡುತ್ತದೆ. ನನ್ನ ಮಟ್ಟಿಗೆ, ಹಿಡಿತ ಹೆಚ್ಚಿಸಲೆಂದು ಕೊಳ್ಳುವ ದುಬಾರಿ ಪಾಲಿಮರ್ ಡಬ್ಬಗಳ ಮೇಲಿನ ಚರ್ಚೆಯಲ್ಲಿ ಅರ್ಧವನ್ನಾದರೂ ಹಳೆಯ ನೆಲವನ್ನು ಒರಟು ಮಾಡುವುದಕ್ಕೆ ಮೀಸಲಿಡಬೇಕು.

ಮೇಸ್ತ್ರಿಗಳು ಇದನ್ನು ಉಳಿಯಿಂದ ಕಚ್ಚು ಹಾಕಿ ಮಾಡುತ್ತಿದ್ದರು. ಈಗ ಶಾಟ್ ಬ್ಲಾಸ್ಟಿಂಗ್ ಯಂತ್ರವಿದೆ. ಒಳಗೆ ಅಲಗುಗಳಿರುವ ಚಕ್ರವೊಂದು ರಭಸದಿಂದ ತಿರುಗುತ್ತ ಸಾಸಿವೆಗಾತ್ರದ ಉಕ್ಕಿನ ಗುಂಡುಗಳನ್ನು ನೆಲಕ್ಕೆ ಎಸೆಯುತ್ತದೆ. ದುರ್ಬಲ ಅಂಟು ಚಿಂದಿಯಾಗುತ್ತದೆ, ಗಟ್ಟಿ ಜಲ್ಲಿ ಉಳಿಯುತ್ತದೆ. ಗುಂಡುಗಳು ಪುಟಿದು ಯಂತ್ರದೊಳಕ್ಕೇ ಮರಳುತ್ತವೆ. ಗಾಳಿಯ ಸೆಳೆತ ಹಗುರ ಧೂಳನ್ನು ಫಿಲ್ಟರಿಗೆ ಒಯ್ಯುತ್ತದೆ, ಭಾರದ ಗುಂಡು ಮತ್ತೆ ಚಕ್ರಕ್ಕೆ ಬೀಳುತ್ತದೆ. ಹಿಂದೆ ಉಳಿಯುವುದು ಮರಳು ಕಾಗದದಂತೆ ಕೈಗೆ ತಾಗುವ ಒಣ ನೆಲ. ಭಾರದ ಬ್ರೇಕರಿನಿಂದಲೂ ಒರಟು ಮಾಡಬಹುದು, ಆದರೆ ಅದರ ಗುದ್ದಿಗೆ ಉಳಿಯಬೇಕಾದ ಕಾಂಕ್ರೀಟಿನಲ್ಲೇ ಕಣ್ಣಿಗೆ ಕಾಣದ ಬಿರುಕು ಹುಟ್ಟಿ, ಹೊಸ ಪದರ ಅದರ ಸಮೇತ ಎದ್ದು ಬರುತ್ತದೆ.

ಧೂಳಿನ ವಿಷಯ ಹಗುರವಲ್ಲ. ಗ್ರಾನೈಟಿನಲ್ಲೂ ಎಂ-ಸ್ಯಾಂಡಿನಲ್ಲೂ ಸ್ಫಟಿಕ ಸಿಲಿಕಾ ಇದೆ. ಅದರ ನವಿರು ಕಣ ಶ್ವಾಸಕೋಶಕ್ಕೆ ಹೊಕ್ಕರೆ ಬರುವ ಸಿಲಿಕೋಸಿಸ್‌ಗೆ ಮದ್ದಿಲ್ಲ. 1948ರ ಕಾರ್ಖಾನೆ ಕಾಯ್ದೆಯ ರೋಗಗಳ ಪಟ್ಟಿಯಲ್ಲೇ ಅದರ ಹೆಸರಿತ್ತು. ಕೆಲಸದವರ ಮುಖಕ್ಕೆ ಬರೀ ಕರವಸ್ತ್ರ ಕಟ್ಟಿಸಿ, ಧೂಳು ಹೀರುವ ಯಂತ್ರವಿಲ್ಲದೆ ನೆಲ ಉಜ್ಜಿಸುವ ಗುತ್ತಿಗೆದಾರನ ದರ ಎಷ್ಟೇ ಕಡಿಮೆಯಿರಲಿ, ಅವನನ್ನು ಗೇಟಿನಲ್ಲೇ ವಾಪಸು ಕಳಿಸಬೇಕು.

ಇನ್ನು ಹಾಸುವುದು. ಒರಟು ನೆಲಕ್ಕೆ ನೀರು ಕುಡಿಸಿ, ಮೇಲೆ ನಿಂತ ನೀರನ್ನು ಒರೆಸಿ, ಸಿಮೆಂಟ್ ಹಾಲನ್ನು ಪೊರಕೆಯಿಂದ ತಿಕ್ಕಿ, ಅದು ಒಣಗುವ ಮುಂಚೆ ಪದರ ಹಾಕಬೇಕು. ಹಳೆಯ ನೆಲದಲ್ಲಿ ಜಾಯಿಂಟ್ ಇರುವಲ್ಲೇ ಹೊಸದರಲ್ಲೂ ಕತ್ತರಿಸಬೇಕು, ಇಲ್ಲದಿದ್ದರೆ ನೆಲವೇ ತನಗಿಷ್ಟ ಬಂದಲ್ಲಿ ಬಿರುಕು ಬಿಡುತ್ತದೆ. ಬೆಂಗಳೂರಿನ ರಸ್ತೆಗಳ ವೈಟ್ ಟಾಪಿಂಗ್ ಇದೇ ತತ್ವದ ದೊಡ್ಡ ರೂಪ: ಅಲ್ಲಿ ಹಳೆಯ ಡಾಂಬರನ್ನು ಪೂರ್ತಿ ಅಗೆಯದೆ ಅದರ ಮೇಲೆ ಕಾಂಕ್ರೀಟ್. ಅಮೆರಿಕದ ಇಂಡಿಯಾನಾ ರಾಜ್ಯದ ಟೆರ‍್ರೆ ಹಾಟ್ ಊರಿನಲ್ಲಿ 1918ರಲ್ಲೇ ಇದನ್ನು ಮಾಡಿದ್ದರು. ಪದರ ತೆಳ್ಳಗಾದಷ್ಟೂ ಚೌಕಗಳನ್ನು ಚಿಕ್ಕದಾಗಿ ಕತ್ತರಿಸುವುದು ವೈಟ್ ಟಾಪಿಂಗಿನ ನಿಯಮ, ಕಾರಣ ಅದೇ ಕುಗ್ಗುವಿಕೆ ಮತ್ತು ರಾತ್ರಿ ಮೇಲ್ಮೈ ತಣಿದಾಗ ಅಂಚು ಏಳುವುದು.

ಒಡೆಯಲೇಬೇಕಾದ ನೆಲಗಳೂ ಇವೆ. ಅಡಿಯ ಮಣ್ಣು ಕುಸಿದು ಚಪ್ಪಡಿ ಫೋರ್ಕ್‌ಲಿಫ್ಟ್ ಹಾಯುವಾಗ ಮೇಲೆ ಕೆಳಗೆ ಆಡುತ್ತಿದ್ದರೆ, ಕಂಬಿ ತುಕ್ಕು ಹಿಡಿದು ಉಬ್ಬಿದ್ದರೆ, ಆಮ್ಲ ಚೆಲ್ಲಿ ಒಳತನಕ ತಿಂದಿದ್ದರೆ ಮೇಲಿನ ಪದರ ಬರೀ ಮುಖವಾಡ. ಪತ್ತೆಗೆ ದೊಡ್ಡ ಉಪಕರಣ ಬೇಡ. ಕಬ್ಬಿಣದ ಸರಪಳಿಯನ್ನು ನೆಲದುದ್ದಕ್ಕೂ ಎಳೆದರೆ ಗಟ್ಟಿ ಜಾಗ ಠಣ್ಣೆನ್ನುತ್ತದೆ, ಟೊಳ್ಳಾದ ಕಡೆ ಸದ್ದು ಮಂಕಾಗುತ್ತದೆ. ಮೊಳೆಯಿಂದ ಗೀರಿ ನೋಡಿ, ನೀರಿನ ಹನಿ ಹಾಕಿ ನೋಡಿ. ಹನಿ ತಕ್ಷಣ ಇಂಗಿದರೆ ಮೇಲ್ಮೈ ರಂಧ್ರಮಯ.

ಕೆಲಸ ಮುಗಿದ ಮೇಲೆ ಕಡೆಯ ಬಿಲ್ಲಿಗೆ ಸಹಿ ಹಾಕುವ ಮುನ್ನ ಒಂದು ಪರೀಕ್ಷೆ ಕೇಳಿ ಮಾಡಿಸಿಕೊಳ್ಳಬಹುದು. ಹೊಸ ಪದರವನ್ನು ದುಂಡಗೆ ಹಳೆಯದರೊಳಕ್ಕೂ ಇಳಿಯುವಂತೆ ಕೊರೆದು, 50 ಮಿ.ಮೀ. ಅಗಲದ ಲೋಹದ ಬಿಲ್ಲೆಯನ್ನು ಎಪಾಕ್ಸಿಯಿಂದ ಅಂಟಿಸಿ, ಸಣ್ಣ ಜಾಕಿಯಿಂದ ನೆಟ್ಟಗೆ ಮೇಲಕ್ಕೆ ಎಳೆಯುತ್ತಾರೆ. ಚದರ ಮಿಲಿಮೀಟರಿಗೆ ಒಂದೂವರೆ ನ್ಯೂಟನ್ ತಡೆದರೆ ಸಾಮಾನ್ಯವಾಗಿ ಒಪ್ಪುತ್ತಾರೆ. ಅಂಕಿಗಿಂತ ಮುಖ್ಯವಾದದ್ದು ತುಂಡು ಎಲ್ಲಿ ಮುರಿಯಿತು ಎಂಬುದು. ಎರಡು ಪದರಗಳ ನಡುವೆ ನುಣ್ಣಗೆ ಬಿಟ್ಟುಕೊಂಡು ಬಂದರೆ ನೆಲ ಸಿದ್ಧ ಮಾಡುವಾಗಲೇ ಕೆಲಸ ಕೆಟ್ಟಿದೆ ಎಂದರ್ಥ. ಹಳೆಯ ಕಾಂಕ್ರೀಟಿನ ಜಲ್ಲಿಯನ್ನೂ ಕಿತ್ತುಕೊಂಡು ಬಂದರೆ, ಅಂಕಿಯೂ ಸಾಕಷ್ಟಿದ್ದರೆ, ಹಣ ಕೊಟ್ಟು ಕಳಿಸಬಹುದು.